ಏಳು ಸೀಟಿನ ಗಾಡಿಗೆ ರೂಫ್ ಟೆಂಟ್: ಮೊದಲು ಟಾಪ್ ನೋಡಿ, ಆಮೇಲೆ ಟೆಂಟ್

ಮಳೆ ನಿಂತು ಡಿಸೆಂಬರ್ ಬಂತೆಂದರೆ ಸಾಕು, ಇನ್ನೋವಾ, ಎರ್ಟಿಗಾ, ಕ್ಯಾರೆನ್ಸ್ ಇಟ್ಟುಕೊಂಡವರ ತಲೆಯೊಳಗೆ ಒಂದು ಹುಳ ಹೊಕ್ಕುತ್ತದೆ. ಗಾಡಿಯ ಟಾಪ್ ಮೇಲೆ ಟೆಂಟ್ ಕೂರಿಸಿ ಮರವಂತೆ ಬೀಚ್ ಕಡೆಗೋ, ಘಟ್ಟದ ಮೇಲಿನ ನೆಂಟರ ತೋಟಕ್ಕೋ ಹೋಗಿ ಎರಡು ರಾತ್ರಿ ಕಳೆಯಬೇಕು ಅಂತ. ಆಸೆ ಒಳ್ಳೆಯದೇ. ಆದರೆ ಹೆಚ್ಚಿನವರು ಶುರು ಮಾಡುವುದು ಉಲ್ಟಾ. ಮೊದಲು ಟೆಂಟಿನ ಫೋಟೊ ನೋಡಿ ಮರುಳಾಗುತ್ತಾರೆ, ಅಡ್ವಾನ್ಸ್ ಕೊಡುತ್ತಾರೆ, ಆಮೇಲೆ "ಇದು ನಮ್ಮ ಗಾಡಿಗೆ ಕೂರ್ತದಾ?" ಎಂದು ಕೇಳುತ್ತಾರೆ.

ಗಾಡಿಯ ಟಾಪ್ ಎಷ್ಟು ಭಾರ ಹೊರುತ್ತದೆ ಎನ್ನುವುದು ಮೊದಲು ಗೊತ್ತಾಗಬೇಕು. ಅದರ ಮೇಲೆ ಕ್ಯಾರಿಯರ್ ಯಾವುದೆಂದು ತೀರ್ಮಾನ, ಕ್ಯಾರಿಯರ್ ಮೇಲೆ ಟೆಂಟ್ ಯಾವುದೆಂದು ತೀರ್ಮಾನ. ಕೆಲವು ಗಾಡಿಗಳಲ್ಲಿ ಆ ಲೆಕ್ಕ ಮಾಡಿದರೆ ಟೆಂಟೇ ಬೇಡ ಎಂದು ಬರುತ್ತದೆ. ಹಾಗೆ ಬಂದರೆ ಬಿಟ್ಟುಬಿಡುವುದೇ ಸರಿ. ಕೆಳಗೆ ಮಲಗಲಿಕ್ಕೆ ಏಳು ಸೀಟಿನ ಗಾಡಿಯಲ್ಲಿ ಬೇಕಾದಷ್ಟು ದಾರಿ ಉಂಟು.

ಟಾಪ್ ಎಷ್ಟು ಹೊರುತ್ತದೆ?

ಗಾಡಿಯ ಜೊತೆ ಬಂದ ಮ್ಯಾನುವಲ್ ಡ್ಯಾಶ್‌ಬೋರ್ಡಿನ ಡ್ರಾಯರ್‌ನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹಾಗೇ ಇರುತ್ತದೆ. ತೆಗೆದು 'ರೂಫ್ ಲೋಡ್' ಎಂದು ಹುಡುಕಿ. ಕುಟುಂಬದ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ 50ರಿಂದ 100 ಕೆಜಿ ಒಳಗೆ. ಕೆಲವು ಮ್ಯಾನುವಲ್‌ಗಳಲ್ಲಿ ಟಾಪ್ ಮೇಲೆ ಏನನ್ನೂ ಹಾಕಬೇಡಿ ಎಂದೇ ಬರೆದಿರುತ್ತದೆ. ಏನೂ ಬರೆದಿಲ್ಲವಾದರೆ ಸರ್ವಿಸ್ ಸೆಂಟರಿಗೆ ಇಮೇಲ್ ಹಾಕಿ, ಉತ್ತರ ಬರಹದಲ್ಲೇ ತರಿಸಿಕೊಳ್ಳಿ. "ಅಯ್ಯೋ ಸರ್, ಟ್ಯಾಕ್ಸಿಯವರು ಎಷ್ಟೆಲ್ಲ ಹಾಕ್ತಾರೆ, ಏನೂ ಆಗೋದಿಲ್ಲ" ಎಂಬ ಬಾಯಿಮಾತಿಗೆ ಬೆಲೆ ಕೊಡಬೇಡಿ.

ಈ ಸಂಖ್ಯೆ ಓಡುವ ಗಾಡಿಗೆ ಹೇಳಿದ್ದು. ನಿಂತ ಗಾಡಿಯಲ್ಲಿ ಭಾರ ಟಾಪನ್ನು ಹೊತ್ತ ಬಾಡಿಯ ಕಂಬಗಳ ಮೂಲಕ ನೇರ ಕೆಳಕ್ಕೆ ಇಳಿಯುತ್ತದೆ. ಓಡುವಾಗ ಹಾಗಲ್ಲ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ 60 ಕೆಜಿಯ ಟೆಂಟ್ ಸುಮಾರು 45-50 ಕೆಜಿಯಷ್ಟು ಬಲದಲ್ಲಿ ಮುಂದಕ್ಕೆ ಎಳೆಯುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಅಡ್ಡಕ್ಕೆ ಎಳೆಯುತ್ತದೆ. ಹೆದ್ದಾರಿಯಲ್ಲಿ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ನಾಲ್ಕು ಜನ ಮೇಲೆ ಮಲಗಿದರೆ ಟಾಪ್ ತಡೆಯುತ್ತದಾ ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. ನಿಜವಾಗಿ ಜಾಸ್ತಿ ಹೆದರಬೇಕಾದ್ದು ಓಡುವಾಗಿನ ಭಾರಕ್ಕೆ. ನಿಂತ ಗಾಡಿ ಓಡುವಾಗಿನ ಮಿತಿಗಿಂತ ಹಲವು ಪಟ್ಟು ಹೊರುತ್ತದೆ. ಆದರೆ ಆ ಪಟ್ಟು ಎಷ್ಟು ಎಂದು ಅಂಗಡಿಯವರು ಹೇಳುವುದು ಅಂದಾಜು ಮಾತ್ರ. ಮಲಗುವ ಭಾರಕ್ಕೆ ಕ್ಯಾರಿಯರ್ ಕಂಪನಿ ಮತ್ತು ಟೆಂಟ್ ಕಂಪನಿ ಎರಡೂ ಪ್ರತ್ಯೇಕ ಮಿತಿ ಕೊಟ್ಟಿರುತ್ತವೆ. ಅದರಲ್ಲಿ ಚಿಕ್ಕದು ಯಾವುದೋ ಅದೇ ನಿಮ್ಮದು.

ಲೆಕ್ಕ ಹೀಗೆ ಹಾಕಿ. ಮಿತಿ 75 ಕೆಜಿ ಅಂತಿಟ್ಟುಕೊಳ್ಳಿ. ಟೆಂಟ್ ಕೂರಿಸಲಿಕ್ಕೆ ಟಾಪ್ ಮೇಲೆ ಅಡ್ಡಕ್ಕೆ ಹಾಕುವ ಎರಡು ಅಡ್ಡಪಟ್ಟಿ ಮತ್ತು ಅದರ ಕಾಲುಗಳಿಗೆ 7 ಕೆಜಿ ಹೋಯಿತು. ಉಳಿದದ್ದು 68. ಏಣಿ, ಹಾಸಿಗೆ ಎಲ್ಲ ಸೇರಿ 55 ಕೆಜಿಯ ಟೆಂಟ್ ಇದರಲ್ಲಿ ಕೂರುತ್ತದೆ. ರಾತ್ರಿಯ ಇಬ್ಬನಿಗೆ ನೆಂದು ಬಟ್ಟೆ ಭಾರವಾದರೂ ಜಾಗ ಉಂಟು. ಅದೇ ಮಿತಿ 50 ಇದ್ದರೆ ಉಳಿಯುವುದು 43 ಕೆಜಿ. ನಾಲ್ಕು ಜನ ಮಲಗುವ ಯಾವ ಟೆಂಟೂ ಅದರೊಳಗೆ ಬರುವುದಿಲ್ಲ, ಇಬ್ಬರದ್ದು ಸಿಗುವುದೂ ಕಷ್ಟ. ಅಲ್ಲಿಗೆ ಚರ್ಚೆ ಮುಗಿಯಿತು.

ಇನ್ನೊಂದು ಮಾತು. ಟೆಂಟಿನ ಭಾರ ಗಾಡಿಯ ಒಟ್ಟು ಭಾರದ ಲೆಕ್ಕಕ್ಕೂ ಸೇರುತ್ತದೆ. ಏಳು ಸೀಟೂ ತುಂಬಿ, ಡಿಕ್ಕಿಯಲ್ಲಿ ಗ್ಯಾಸ್ ಒಲೆ, ನೀರಿನ ಕ್ಯಾನ್, ಮೇಲೆ ಟೆಂಟ್ ಎಂದರೆ ಸಣ್ಣ ಎಂಜಿನ್ನಿನ ಗಾಡಿ ಆಗುಂಬೆ ಹತ್ತುವಾಗ ಏದುಸಿರು ಬಿಡುತ್ತದೆ. ಇಳಿಯುವಾಗ ಬ್ರೇಕ್ ಬಿಸಿಯಾಗುತ್ತದೆ, ಅದು ಇನ್ನೂ ಅಪಾಯ. ಇಳಿಜಾರಿನಲ್ಲಿ ಸಣ್ಣ ಗೇರ್‌ನಲ್ಲೇ ಇಳಿಯಬೇಕು. ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಪೂರ್ತಿ ಲೋಡಿಗೆ ಎಷ್ಟು ಗಾಳಿ ಎಂದು ಇರುತ್ತದೆ, ಟೈರಿಗೆ ಅಷ್ಟು ತುಂಬಿಸಿಯೇ ಹೊರಡಿ.

ಕ್ಯಾರಿಯರ್: ಮೂರು ದಾರಿ

ಗಾಡಿಯ ಟಾಪ್ ಮೇಲೆ ಉದ್ದಕ್ಕೆ ಎರಡು ರೇಲ್ ಕಾಣುತ್ತದೆ ಅಂತ ಖುಷಿಪಡುವ ಮೊದಲು ಅದು ನಿಜವಾದ ರೇಲಾ, ಬರೀ ಶೋಕಿಯದ್ದಾ ನೋಡಿ. ಶೋಕಿಯದ್ದಾದರೆ ಪ್ಲಾಸ್ಟಿಕ್ ಇರುತ್ತದೆ, ಅಂಟಿಸಿರುತ್ತಾರೆ, ಕೈಯಲ್ಲಿ ಎತ್ತಿದರೆ ಬಾಗುತ್ತದೆ. ಅದಕ್ಕೆ ಒಂದು ಸೈಕಲ್ ಕಟ್ಟುವುದೂ ತಪ್ಪು. ನಿಜವಾದ ರೇಲ್ ಲೋಹದ್ದು, ಟಾಪಿನ ಒಳಗಿನ ಗಟ್ಟಿ ಜಾಗಕ್ಕೆ ಬೋಲ್ಟ್ ಆಗಿರುತ್ತದೆ. ಮ್ಯಾನುವಲ್‌ನಲ್ಲಿ ಅದರ ಭಾರದ ಮಿತಿಯೂ ಇರುತ್ತದೆ.

ನಿಜವಾದ ರೇಲ್ ಇದ್ದವರು ಅದೃಷ್ಟವಂತರು. ರೇಲಿನ ಕೆಳಗೆ ಬೆರಳು ತೂರುವಷ್ಟು ಸಂದು ಇದ್ದರೆ ಅಡ್ಡಪಟ್ಟಿ ಅದನ್ನು ಸುತ್ತ ಹಿಡಿಯುತ್ತದೆ. ಎರಡು ಪಟ್ಟಿಗಳ ನಡುವಿನ ಅಂತರ ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಟೆಂಟಿಗೆ ಇದು ದೊಡ್ಡ ವಿಷಯ. ಹೆಚ್ಚಿನ ಟೆಂಟ್‌ಗಳಿಗೆ ಪಟ್ಟಿಗಳ ನಡುವೆ 80-100 ಸೆಂ.ಮೀ. ಆದರೂ ಬೇಕು. ಉದ್ದ ಟಾಪಿನ ಗಾಡಿಯಾದರೆ ಮೂರನೇ ಪಟ್ಟಿಯನ್ನೂ ಹಾಕಬಹುದು. ಭಾರ ಹಂಚಿಕೊಳ್ಳುತ್ತದೆ, ಆದರೆ ಮಿತಿ ಜಾಸ್ತಿ ಆಗುವುದಿಲ್ಲ.

ರೇಲ್ ಇಲ್ಲದ ಬೋಳು ಟಾಪ್‌ಗೆ ಬಾಗಿಲ ಚೌಕಟ್ಟಿಗೆ ಕೊಕ್ಕೆ ಹಾಕಿ ಹಿಡಿಯುವ ಕಾಲುಗಳು ಬರುತ್ತವೆ. ತೂಲೆ, ಯಾಕಿಮಾ ಥರದ ಕಂಪನಿಗಳು ಒಂದೊಂದು ಮಾಡೆಲ್‌ಗೂ ಬೇರೆ ಬೇರೆ ಕಿಟ್ ಮಾಡುತ್ತವೆ. ನಿಮ್ಮ ಗಾಡಿಯ ಹೆಸರು, ಇಸವಿ ಎರಡೂ ಕಿಟ್‌ನ ಲಿಸ್ಟಿನಲ್ಲಿ ಇದ್ದರೆ ಮಾತ್ರ ತೆಗೆದುಕೊಳ್ಳಿ. 'ಹತ್ತಿರ ಹತ್ತಿರ ಕೂರ್ತದೆ' ಎನ್ನುವ ಕಿಟ್ ಬೇಡವೇ ಬೇಡ. ಏಳು ಸೀಟಿನ ಗಾಡಿಯಲ್ಲಿ ಇದರದ್ದೊಂದು ತೊಡಕು ಉಂಟು. ಕೊಕ್ಕೆ ಹಿಡಿಯುವುದು ಬಾಗಿಲು ಇರುವಲ್ಲಿ ಮಾತ್ರ. ಅಂದರೆ ಎರಡೂ ಪಟ್ಟಿ ಮುಂದಿನ ಎರಡು ಸಾಲಿನ ಮೇಲೇ ಬರುತ್ತವೆ, ಮೂರನೇ ಸಾಲಿನ ಮೇಲೆ ಏನೂ ಇಲ್ಲ. ಟೆಂಟ್ ಮುಂದಕ್ಕೆ ಸರಿದು ಕೂರುತ್ತದೆ. ಡಿಕ್ಕಿ ಬಾಗಿಲು ತೆರೆಯಲಿಕ್ಕೆ ಅದು ಒಳ್ಳೆಯದೇ. ಆದರೆ ಟೆಂಟಿನ ಮುಂದಿನ ಅಂಚು ಗಾಜಿನ ಮೇಲಕ್ಕೆ ಚಾಚಿದರೆ ಗಾಳಿ ಅಡಿಗೆ ನುಗ್ಗಿ ಎತ್ತುತ್ತದೆ. ಹಾಗೆ ಚಾಚುವ ಟೆಂಟ್ ಆ ಗಾಡಿಗೆ ಆಗುವುದಿಲ್ಲ.

ಮೂರನೆಯದು ನಮ್ಮ ವೆಲ್ಡಿಂಗ್ ಶಾಪಿನ ಕ್ಯಾರಿಯರ್. ಟೂರಿಸ್ಟ್ ಗಾಡಿಗಳ ಮೇಲೆ ಕಾಣುತ್ತದಲ್ಲ, ಕಬ್ಬಿಣದ ಪೈಪಿನದ್ದು. ಕ್ವಾಲಿಸ್, ಓಮ್ನಿ ಕಾಲದಲ್ಲಿ ಇದಕ್ಕೆ ಅರ್ಥ ಇತ್ತು. ಆ ಗಾಡಿಗಳ ಟಾಪಿನ ಎರಡು ಬದಿಗೂ ನೀರು ಹರಿಯುವ ತಗಡಿನ ಪಟ್ಟಿ ಇರುತ್ತಿತ್ತು, ಕ್ಯಾರಿಯರ್ ಅದನ್ನು ಕಚ್ಚಿ ಹಿಡಿಯುತ್ತಿತ್ತು. ಈಗಿನ ಗಾಡಿಗಳಲ್ಲಿ ಆ ಪಟ್ಟಿಯೇ ಇಲ್ಲ. ಹಾಗಾಗಿ ಬಾಗಿಲ ಅಂಚಿಗೆ ಒಂದು ತಗಡಿನ ಕೊಕ್ಕೆ ಸಿಕ್ಕಿಸಿ ಬೋಲ್ಟ್ ಬಿಗಿಯುತ್ತಾರೆ. ಒಂದು ಮಳೆಗಾಲ ಕಳೆದ ಅಂಥ ಕ್ಯಾರಿಯರ್‌ನ ಒಂದು ಕಾಲು ಬಿಚ್ಚಿ ನೋಡಿ. ಕೊಕ್ಕೆ ಕೂತಿದ್ದಲ್ಲಿ ಬಾಗಿಲ ರಬ್ಬರ್ ಬೀಡಿಂಗ್ ಚಪ್ಪಟೆಯಾಗಿರುತ್ತದೆ. ರಬ್ಬರ್ ಪ್ಯಾಡ್ ಸವೆದು ಕಾಲಿನ ಅಂಚು ಪೇಂಟನ್ನು ಉಜ್ಜಿರುತ್ತದೆ. ಬಳೆಯಾಕಾರದಲ್ಲಿ ಬಿಳಿ ಪ್ರೈಮರ್, ಅದರ ನಡುವೆ ಕಂದು ತುಕ್ಕು. ಬೀಡಿಂಗಿನ ಆ ಸಂದಿನಿಂದಲೇ ಜೂನ್ ತಿಂಗಳಲ್ಲಿ ಒಳಗೆ ನೀರು ಇಳಿಯುತ್ತದೆ. ಮದುವೆಗೆ ಹೋಗುವಾಗ ಸೂಟ್‌ಕೇಸ್ ಹಾಕಲಿಕ್ಕೆ ಇದು ಸಾಕು. ಟೆಂಟಿಗೆ ನಾನು ಇದನ್ನು ಒಪ್ಪುವುದಿಲ್ಲ. ಕ್ಯಾರಿಯರೇ 20-25 ಕೆಜಿ ತೂಗಿದರೆ ಟೆಂಟಿಗೆ ಎಲ್ಲಿ ಉಳಿಯಿತು?

ಟಾಪಿಗೆ ತೂತು ಹೊಡೆದು ಬೋಲ್ಟ್ ಹಾಕುತ್ತೇನೆ ಎನ್ನುವವರನ್ನು ಅಂಗಳದಿಂದಲೇ ವಾಪಸು ಕಳಿಸಿ. ಟಾಪಿನ ಒಳಗೆ ಹಿಂದಿನ ಸಾಲುಗಳ ಎಸಿ ಡಕ್ಟ್ ಹೋಗಿರುತ್ತದೆ, ಬದಿಯಲ್ಲಿ ಕರ್ಟನ್ ಏರ್‌ಬ್ಯಾಗ್ ಮಡಚಿ ಇಟ್ಟಿರುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಉಂಟು: ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಗಟ್ಟಿಯಾಗಿ ಹೇಳಿದೆ. ಬಿಚ್ಚಿ ತೆಗೆಯಬಹುದಾದ ಅಡ್ಡಪಟ್ಟಿಯ ಬಗ್ಗೆಯೂ ಒಮ್ಮೆ ನಿಮ್ಮ ಆರ್‌ಟಿಒದಲ್ಲಿ ಕೇಳಿ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಕ್ಲೇಮ್ ಹೊತ್ತಿಗೆ ಹೇಳಿದರೆ ತಕರಾರು.

ಗಟ್ಟಿ ಚಿಪ್ಪಾ, ಬಟ್ಟೆಯದ್ದಾ?

ರೂಫ್ ಟೆಂಟಿನಲ್ಲಿ ಎರಡು ಜಾತಿ. ಒಂದು, ಫೈಬರ್ ಅಥವಾ ಅಲ್ಯೂಮಿನಿಯಂ ಚಿಪ್ಪಿನದ್ದು. ಲಾಕ್ ಬಿಚ್ಚಿದರೆ ಗ್ಯಾಸ್ ಸ್ಟ್ರಟ್ (ಒಳಗೆ ಗ್ಯಾಸ್ ತುಂಬಿದ ಎತ್ತುವ ದಂಡ) ಎತ್ತುತ್ತದೆ, ಒಂದೆರಡು ನಿಮಿಷದಲ್ಲಿ ತಯಾರು. ಮುಚ್ಚಿದಾಗ ತೆಳ್ಳಗಿರುತ್ತದೆ, ಗಾಳಿ ಕಡಿಮೆ ಹಿಡಿಯುತ್ತದೆ, ಮಳೆಗೆ ಒಳಗಿನ ಹಾಸಿಗೆ ನೆನೆಯುವುದಿಲ್ಲ. ಆದರೆ ಭಾರ 60ರಿಂದ 80 ಕೆಜಿ, ಬೆಲೆ ಲಕ್ಷ ದಾಟುವುದು ಸಾಮಾನ್ಯ, ಮಲಗುವುದು ಇಬ್ಬರು. ಜೊತೆಗೆ ಒಂದು ಸಣ್ಣ ಮಗು ಆದೀತು, ಅಷ್ಟೇ. ಏಳು ಸೀಟಿನ ಗಾಡಿ ತೆಗೆದುಕೊಂಡದ್ದು ಇಬ್ಬರು ಹೋಗಲಿಕ್ಕಲ್ಲ, ಅಲ್ವಾ?

ಇನ್ನೊಂದು ಮಡಚುವ ಬಟ್ಟೆಯದ್ದು. ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ. ಅರ್ಧ ಟಾಪ್ ಮೇಲೆ, ಇನ್ನರ್ಧ ಗಾಡಿಯ ಹೊರಗೆ ಏಣಿಯ ಮೇಲೆ ನಿಲ್ಲುತ್ತದೆ. ಇಬ್ಬರದ್ದು 45-60 ಕೆಜಿ, ಮೂರ್ನಾಲ್ಕು ಜನರದ್ದು 70 ದಾಟುತ್ತದೆ. ಬೆಲೆ ಕಡಿಮೆ, ಮಲಗಲು ಜಾಗ ಜಾಸ್ತಿ. ಬಿಚ್ಚಿ ಮಡಚಲಿಕ್ಕೆ ಹತ್ತು ಹದಿನೈದು ನಿಮಿಷ ಬೇಕು. ಮಡಚಿದ ಮೇಲೂ 30 ಸೆಂ.ಮೀ. ಎತ್ತರದ ಗಂಟು.

ಆ ಎತ್ತರದ ಲೆಕ್ಕವನ್ನೂ ಮಾಡಿಬಿಡಿ. ಎರ್ಟಿಗಾ 1,690 ಮಿ.ಮೀ. ಅದರ ಮೇಲೆ ಪಟ್ಟಿ ಸುಮಾರು 12 ಸೆಂ.ಮೀ., ಟೆಂಟ್ 30. ಒಟ್ಟು 2.1 ಮೀಟರ್ ಮುಟ್ಟಿತು. ಇನ್ನೋವಾ ಕ್ರಿಸ್ಟಾ 1,795 ಮಿ.ಮೀ., ಅದು 2.2 ದಾಟುತ್ತದೆ. ನಿಮ್ಮ ಫ್ಲ್ಯಾಟಿನ ಕೆಳಗಿನ ಪಾರ್ಕಿಂಗ್, ಮಾಲ್‌ಗಳ ಬೇಸ್‌ಮೆಂಟ್ ಬೋರ್ಡ್ ನೋಡಿಕೊಳ್ಳಿ. ಬೋರ್ಡ್‌ನಲ್ಲಿ 2.1 ಅಂತಿದ್ದರೆ ಇನ್ನೋವಾ ಹೊರಗೇ. ಎರ್ಟಿಗಾ ಕೂಡ ಡೌಟು, ರ‍್ಯಾಂಪ್ ಇಳಿದು ನೇರವಾಗುವ ತಿರುವಿನಲ್ಲಿ ಗಾಡಿಯ ಹಿಂಭಾಗ ಎತ್ತುತ್ತದೆ. ಒಟ್ಟು ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿ.

ಬಟ್ಟೆಯ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮದು ಕರಾವಳಿ, ಬೆವರಿನ ಊರು. ಪಾಲಿಯೆಸ್ಟರ್ ಹಗುರ, ಬೇಗ ಒಣಗುತ್ತದೆ. ಆದರೆ ನಾಲ್ಕು ಜನರ ಉಸಿರಿಗೆ ಬೆಳಗಾಗುವಾಗ ಒಳಗೆಲ್ಲ ನೀರು ತೊಟ್ಟಿಕ್ಕುತ್ತದೆ. ಹತ್ತಿ ಬೆರೆಸಿದ ಕ್ಯಾನ್ವಾಸ್ ಗಾಳಿಯಾಡುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ಭಾರ, ಒಣಗಲಿಕ್ಕೆ ತಡ, ಒದ್ದೆಯಾಗಿ ಮಡಚಿಟ್ಟರೆ ಎರಡೇ ದಿನದಲ್ಲಿ ಕಪ್ಪು ಬೂಷ್ಟು. ಆ ವಾಸನೆ ಮತ್ತೆ ಹೋಗುವುದಿಲ್ಲ ಮಾರಾಯ್ರೆ. ಮನೆಗೆ ಬಂದ ಮೇಲೆ ಅಂಗಳದಲ್ಲಿ ಬಿಡಿಸಿ ಒಂದು ಹಗಲು ಬಿಸಿಲಿಗೆ ಹಾಕಲು ಜಾಗ ಇದ್ದರೆ ಕ್ಯಾನ್ವಾಸ್. ಫ್ಲ್ಯಾಟಿನವರಿಗೆ ಪಾಲಿಯೆಸ್ಟರೇ ಸರಿ, ಕಿಟಕಿ ಎರಡು ಕಡೆಗೂ ಇರುವುದನ್ನು ನೋಡಿ ತೆಗೆದುಕೊಳ್ಳಿ.

75 ಕೆಜಿ ಮಿತಿಯ ಗಾಡಿಗೆ ನಾನು ಹೇಳುವುದು ಇಬ್ಬರು ಮಲಗುವ ಹಗುರ ಬಟ್ಟೆಯ ಟೆಂಟ್. ಅಪ್ಪ-ಅಮ್ಮನೋ, ಏಣಿ ಹತ್ತುವ ವಯಸ್ಸಿನ ಮಕ್ಕಳೋ ಮೇಲೆ. ಉಳಿದವರು ಗಾಡಿಯೊಳಗೆ. 100 ಕೆಜಿ ಮಿತಿ ಇರುವವರಿಗೆ ಮಾತ್ರ ಗಟ್ಟಿ ಚಿಪ್ಪಿನ ಯೋಚನೆ.

ಮೇಲೆ ಹತ್ತದೆ ಮಲಗುವುದು

ಅಜ್ಜಿ ಜೊತೆಗಿದ್ದರೆ ಅವರು ಏಣಿ ಹತ್ತುವುದಿಲ್ಲ. ನಡುರಾತ್ರಿ ಮೂತ್ರಕ್ಕೆ ಏಳುವ ಐದು ವರ್ಷದ ಮಗುವನ್ನೂ ಏಣಿಯಲ್ಲಿ ಒಬ್ಬನೇ ಬಿಡಲಿಕ್ಕಾಗುವುದಿಲ್ಲ. ಹಾಗಾಗಿ ಗಾಡಿಯೊಳಗಿನ ಜಾಗ ಮೊದಲು ಅಳೆಯಿರಿ. ಎರಡನೇ ಸಾಲು ಬೆಂಚ್ ಸೀಟಾದರೆ ಅದನ್ನೂ ಮೂರನೇ ಸಾಲನ್ನೂ ಮಡಚಿ, ಏರುಪೇರಿಗೆ ಪ್ಲೈವುಡ್ ಹಲಗೆ ಇಟ್ಟು, ಹಾಸಿಗೆ ಹಾಕಿದರೆ ಇಬ್ಬರು ಆರಾಮ ಮಲಗುತ್ತಾರೆ. ಕ್ಯಾಪ್ಟನ್ ಸೀಟಿನ, ಅಂದರೆ ಎರಡನೇ ಸಾಲಿನಲ್ಲಿ ಬಿಡಿ ಬಿಡಿ ಸೀಟಿರುವ ಗಾಡಿಯಲ್ಲಿ ಇದು ಕಷ್ಟ, ನಡುವೆ ಸಂದು ಉಳಿಯುತ್ತದೆ, ಕೆಲವದರಲ್ಲಿ ಸೀಟ್ ಪೂರ್ತಿ ಮಡಚುವುದೂ ಇಲ್ಲ. ಕಿಟಕಿಗೆ ಸೊಳ್ಳೆ ಪರದೆ ಸಿಕ್ಕಿಸಿ ಗಾಜು ನಾಲ್ಕು ಬೆರಳು ಇಳಿಸಿಡಿ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ.

ನೆಲದ ಟೆಂಟ್ ಎಲ್ಲಕ್ಕಿಂತ ಅಗ್ಗ. ನಾಲ್ಕು ಜನರದ್ದು ಐದಾರು ಕೆಜಿ, ಡಿಕ್ಕಿಯಲ್ಲೇ ಹೋಗುತ್ತದೆ. ಟಾಪ್, ಪಟ್ಟಿ, ಆರ್‌ಟಿಒ ಯಾವ ತಲೆಬಿಸಿಯೂ ಇಲ್ಲ. ಹಾವು, ಚೇಳಿನ ಹೆದರಿಕೆಗೆ ಜನ ಮೇಲಿನ ಟೆಂಟ್ ಕೇಳುತ್ತಾರೆ. ತೋಟದಲ್ಲಿ ಮಲಗುವವರಿಗೆ ಆ ಹೆದರಿಕೆ ಸುಳ್ಳಲ್ಲ. ಆದರೆ ಗುಡಿಸಿದ ಅಂಗಳದಲ್ಲಿ, ಜಿಪ್ ಪೂರ್ತಿ ಮುಚ್ಚಿದ ಟೆಂಟಿನಲ್ಲಿ ಅದು ಬಹಳ ಕಡಿಮೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಹೋಗುವ ಕುಟುಂಬಕ್ಕೆ ನನ್ನ ಓಟು ಇದಕ್ಕೇ.

ಕೂರಿಸುವಾಗ ನೋಡಬೇಕಾದ್ದು

ಮೂರ್ನಾಲ್ಕು ಜನ ಇಲ್ಲದೆ ಟೆಂಟ್ ಎತ್ತಬೇಡಿ. ಎತ್ತುವ ಮೊದಲೇ ಡಿಕ್ಕಿ ಬಾಗಿಲನ್ನು ಪೂರ್ತಿ ತೆರೆದು, ಅದು ಟಾಪಿನಿಂದ ಎಷ್ಟು ಮೇಲಕ್ಕೆ, ಎಷ್ಟು ಮುಂದಕ್ಕೆ ಬರುತ್ತದೆಂದು ಗುರುತು ಹಾಕಿಕೊಳ್ಳಿ. ಹಿಂದಿನ ಆಂಟೆನಾ ಟೆಂಟಿನ ತಳಕ್ಕೆ ತಾಗುತ್ತದಾ, ಸನ್‌ರೂಫ್ ಇದ್ದರೆ ಗಾಜಿಗೂ ತಳಕ್ಕೂ ನಡುವೆ ಸಂದು ಉಂಟಾ ನೋಡಿ. ಟೆಂಟ್ ಇರುವಷ್ಟು ದಿನ ಸನ್‌ರೂಫ್ ಮುಟ್ಟಬಾರದು.

ಟೆಂಟಿನ ತಳದಲ್ಲಿ ಉದ್ದಕ್ಕೆ ಎರಡು ಅಲ್ಯೂಮಿನಿಯಂ ಚಾನೆಲ್ ಇರುತ್ತದೆ. ಅದರೊಳಗೆ ಬೋಲ್ಟ್ ತೂರಿಸಿ, ಅಡ್ಡಪಟ್ಟಿಯ ಕೆಳಗೆ ಪ್ಲೇಟ್ ಕೊಟ್ಟು ನಟ್ ಬಿಗಿಯುವುದು. ನಟ್ ನೈಲಾಕ್ (ಒಳಗೆ ನೈಲಾನ್ ಬಳೆ ಇರುವುದು) ಇರಲಿ, ಅಲುಗಾಟಕ್ಕೆ ಬಿಚ್ಚುವುದಿಲ್ಲ. ಕಂಪನಿ ಹೇಳಿದಷ್ಟೇ ಬಿಗಿ, ಬಿಗಿ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ. ಜೋರು ಮಾಡಿದರೆ ಚಾನೆಲ್ ಬಾಯಿ ತೆರೆದುಕೊಳ್ಳುತ್ತದೆ. ಕಡಲ ಬದಿಯವರಿಗೆ ಇನ್ನೊಂದು ಕಾಟ ಉಪ್ಪುಗಾಳಿ. ಸಾದಾ ಕಬ್ಬಿಣದ ಬೋಲ್ಟ್ ಅಲ್ಯೂಮಿನಿಯಂಗೆ ತಾಗಿದಲ್ಲಿ ಉಪ್ಪುನೀರು ಸೇರಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಬೋಲ್ಟ್‌ಗಳನ್ನು 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್‌ನದ್ದೇ ಕೇಳಿ, ಬೋಟಿನ ಸಾಮಾನು ಮಾರುವಲ್ಲಿ ಸಿಗುತ್ತದೆ. ಸಾಮಾನ್ಯವಾದ 304 ಗ್ರೇಡಿಗಿಂತ ಉಪ್ಪಿಗೆ ಜಾಸ್ತಿ ತಡೆಯುತ್ತದೆ. ನಡುವೆ ನೈಲಾನ್ ವಾಷರ್ ಹಾಕಿ.

ಬಿಗಿದಾದ ಮೇಲೆ ಟೆಂಟಿನ ಒಂದು ಮೂಲೆ ಹಿಡಿದು ಜೋರಾಗಿ ಅಲ್ಲಾಡಿಸಿ. ಇಡೀ ಗಾಡಿ ಸ್ಪ್ರಿಂಗ್ ಮೇಲೆ ತೂಗಬೇಕು. ಗಾಡಿ ಸುಮ್ನೆ ನಿಂತು ಟೆಂಟ್ ಮಾತ್ರ ಅಲುಗಿದರೆ ಕೆಲಸ ಮುಗಿದಿಲ್ಲ ಎಂದರ್ಥ. ಮಂಗಳೂರಿನಿಂದ ಹೊರಟರೆ ಉಡುಪಿ ತಲುಪುವಾಗ ಐವತ್ತು ಚಿಲ್ಲರೆ ಕಿಲೋಮೀಟರ್ ಆಗುತ್ತದೆ. ಅಲ್ಲಿ ಚಾ ಕುಡಿಯುವಾಗ ಎಲ್ಲ ನಟ್ ಮತ್ತೊಮ್ಮೆ ನೋಡಿ. ಹೆದ್ದಾರಿ 66ರಲ್ಲಿ 80 ದಾಟಬೇಡಿ. ಹಂಪ್‌ಗಳಲ್ಲಿ ಪೂರ್ತಿ ನಿಧಾನ. ಘಟ್ಟದಲ್ಲಿ ರಸ್ತೆಗೆ ಬಾಗಿದ ಕೊಂಬೆಗಳಿಗೂ ಕಣ್ಣಿರಲಿ.

ನಿಲ್ಲಿಸುವ ಜಾಗ

ತೆಂಗಿನ ಮರದ ಕೆಳಗೆ ಟೆಂಟ್ ಬಿಡಿಸಬೇಡಿ. ಹೊಸಬರು ಫೋಟೊಗೆ ಚೆಂದ ಎಂದು ಅಲ್ಲೇ ನಿಲ್ಲಿಸುತ್ತಾರೆ, ಮೇಲಿನಿಂದ ಕಾಯಿ ಬಿದ್ದರೆ ಬಟ್ಟೆ ಏನು ತಡೆಯುತ್ತದೆ? ಫಲ ಬಿಟ್ಟ ಹಲಸಿನ ಮರಕ್ಕೂ ಅದೇ ಮಾತು.

ಮರಳಿನ ಮೇಲೆ ಗಾಡಿ ಇಳಿಸಬೇಡಿ, ಭಾರದ ಗಾಡಿ ಹೂತುಕೊಳ್ಳುತ್ತದೆ. ಬಟ್ಟೆಯ ಟೆಂಟಿಗಂತೂ ಏಣಿಯೇ ಕಾಲು, ಅದು ಮರಳಿನಲ್ಲಿ ರಾತ್ರಿ ನಿಧಾನಕ್ಕೆ ಇಳಿದರೆ ಹಾಸಿಗೆಯೂ ವಾಲುತ್ತದೆ. ಗಟ್ಟಿ ನೆಲದಲ್ಲೂ ಏಣಿಯ ಕೆಳಗೆ ಹಲಗೆ ತುಂಡು ಇರಲಿ. ಗಾಡಿ ಸಮತಟ್ಟು ಆಗಲು ಚಕ್ರದಡಿಗೆ ಮರದ ದಿಮ್ಮಿ ಕೊಡಿ. ಕೆಂಪುಕಲ್ಲು ಕೊಡಬೇಡಿ, ಭಾರಕ್ಕೆ ಒಡೆಯುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಗೇರ್‌ನಲ್ಲಿ ಬಿಟ್ಟು, ಚಕ್ರಕ್ಕೆ ಅಡ್ಡ ಇಟ್ಟ ಮೇಲೆಯೇ ಮೇಲೆ ಹತ್ತುವುದು.

ಕಡಲ ಬದಿಯಲ್ಲಿ ಹಗಲು ಗಾಳಿ ಪಡುವಣದಿಂದ, ರಾತ್ರಿ ತಡವಾಗಿ ಮೂಡಣದಿಂದ. ಸಂಜೆಯ ಗಾಳಿ ನೋಡಿ ಬಾಗಿಲು ಯಾವ ಕಡೆಗೆ ಎಂದು ತೀರ್ಮಾನಿಸಬೇಡಿ. ಅಕ್ಟೋಬರ್-ನವೆಂಬರ್‌ನಲ್ಲಿ, ಮತ್ತೆ ಏಪ್ರಿಲ್-ಮೇಯಲ್ಲಿ ಸಂಜೆ ಗುಡುಗು ಕೇಳಿದರೆ ಎಲ್ಲರೂ ಕೆಳಗಿಳಿದು ಗಾಡಿಯೊಳಗೆ ಕೂತು ಗಾಜು ಏರಿಸಿ. ಗಾಡಿಯ ಲೋಹದ ಮೈ ಸಿಡಿಲನ್ನು ಹೊರಗಿನಿಂದಲೇ ನೆಲಕ್ಕೆ ಸಾಗಿಸುತ್ತದೆ, ಟೆಂಟಿಗೆ ಆ ರಕ್ಷಣೆ ಇಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಅಭಯಾರಣ್ಯದ ರಸ್ತೆ ಬದಿಗಳು ರಾತ್ರಿ ತಂಗುವ ಜಾಗಗಳಲ್ಲ. ಬೀಚಿನಲ್ಲಾದರೂ ಸ್ಥಳೀಯರನ್ನು, ಪಂಚಾಯತನ್ನು ಕೇಳಿಯೇ ನಿಲ್ಲಿಸಿ. ಎಲ್ಲಕ್ಕಿಂತ ಸಲೀಸು ಪರಿಚಯದವರ ತೋಟದ ಅಂಗಳ, ಅಲ್ಲಿ ಕಕ್ಕಸು-ಬಚ್ಚಲಿನ ಚಿಂತೆಯೂ ಇಲ್ಲ.

ಮೇ ಕೊನೆಗೆ ಟೆಂಟ್ ಕೆಳಗಿಳಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಹೊತ್ತು ತಿರುಗಿದರೆ ಡೀಸೆಲ್ ದಂಡ, ಬಟ್ಟೆಗೆ ಬೂಷ್ಟು. ಪಟ್ಟಿಯ ಕಾಲುಗಳನ್ನೂ ಬಿಚ್ಚಿ, ಅಡಿಯ ಪೇಂಟ್ ಒರೆಸಿ ಒಣಗಿಸಿ. ಹಂಚಿನ ಮನೆಯವರಿಗೆ ಕೊಟ್ಟಿಗೆಯ ಗಟ್ಟಿ ಅಡ್ಡ ತೊಲೆಗೆ ರಾಟೆ ಹಾಕಿ, ಗಾಡಿಯನ್ನು ಅದರಡಿಗೆ ತಂದು, ಟೆಂಟನ್ನು ನೇರ ಮೇಲಕ್ಕೆ ಎತ್ತಿ ತೂಗುಹಾಕುವ ಅನುಕೂಲ ಉಂಟು. ಮಾಡಿನ ಓರೆ ಮರಗಳಾದ ಪಕ್ಕಾಸಿಗೆ ಮಾತ್ರ ಕಟ್ಟಬೇಡಿ, ಅದು ಹಂಚಿನ ಭಾರಕ್ಕೆ ಹಾಕಿದ್ದು. ಹಗ್ಗದ ನಡುವೆ ಅಗಲ ತಗಡಿನ ತಟ್ಟೆಯೊಂದನ್ನು ತೂರಿಸಿದರೆ ಇಲಿ ಇಳಿದು ಬರುವುದಿಲ್ಲ.